ಬಾಗಿಲಿಗೆ ಬಂದ ಆರೋಗ್ಯೋಪದೇಶವನ್ನು ಕೆಲವರು ಒಲ್ಲದಿರುವುದೇಕೆ?

ವೈದ್ಯಶಾಸ್ತ್ರದ ಪ್ರಯೋಜನಗಳು ಎರಡೆಂದು ನಮ್ಮ ಪೂರ್ವಿಕರು ಎಣಿಸಿದ್ದರು. ಸ್ವಸ್ಥನ ಸ್ವಾಸ್ಥ್ಯವನ್ನು ಕಾಪಾಡುವುದು ಒಂದು; ರೋಗಿಯ ರೋಗವನ್ನು ಪರಿಹರಿಸುವುದು ಮತ್ತೊಂದು. ಚರಕಸಂಹಿತೆಯು ಇವನ್ನು ಹೇಳುವಾಗ ಸ್ವಸ್ಥನ ರಕ್ಷಣೆಯನ್ನೇ ಮೊದಲಿಟ್ಟಿರುವುದನ್ನು ವಾಚಕರು ಗಮನಿಸಬೇಕು. ಲೋಕದ ನಡೆಯಾದರೋ ಇದಕ್ಕೆ ವಿಪರೀತವಾಗಿರುವುದು. ಎರಡನೆಯ ಪ್ರಯೋಜನಕ್ಕಾಗಿ ಜನರು ಆಸ್ಪತ್ರೆಯ ಮುಂದೆ ಮುಂಜಾನೆಯಿಂದಲೇ ಸಾಲುಗಟ್ಟಿ ನಿಲ್ಲುವರು. ಒಡವೆಯನ್ನು ಗಿರವಿಯಿಟ್ಟಾದರೂ ಹಣವನ್ನು ತೆರುವರು. ಮೊದಲನೆಯ ಪ್ರಯೋಜನವು ಕಾಸಿನ ಖರ್ಚಿಲ್ಲದೆ ಮನೆಯ ಬಾಗಿಲಿಗೆ ಬಂದರೆ, "ಇವತ್ತು ಬೇಡ ಕಣವ್ವ, ಇನ್ನೊಂದು ದಿನ ಬಾ" ಎಂದು ಕದವನ್ನು ಮುಂದೂಡುವರು.

ನಮ್ಮ ಕೃಷ್ಣರಾಜನಗರದ ಬೀದಿಗಳಲ್ಲಿಯೂ, ನೆರೆಯ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಹಳ್ಳಿಗಳಲ್ಲಿಯೂ ಇದನ್ನು ನಾವು ಕಂಡಿರುವೆವು. ಒಲ್ಲೆನೆಂದವರನ್ನು ಮೂಢರೆಂದು ಜರೆಯುವುದು ಸುಲಭ. ಆದರೆ ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಪಾಠ ಹೇಳಿದ ನಮಗೆ ಒಂದು ಮಾತು ಚೆನ್ನಾಗಿ ತಿಳಿದಿದೆ. ಪಾಠವನ್ನು ಒಲ್ಲದ ಹುಡುಗನಲ್ಲಿ ಏನಾದರೊಂದು ಕಾರಣವಿದ್ದೇ ಇರುವುದು. ಅದನ್ನು ಕೇಳದೆ ಬೆತ್ತವನ್ನು ಎತ್ತಿದರೆ ಪಾಠವೂ ಹೋಯಿತು, ಹುಡುಗನೂ ಹೋದನು. ಆದುದರಿಂದ ಒಲ್ಲದವರ ಕಾರಣಗಳನ್ನು ಒಂದೊಂದಾಗಿ ವಿಚಾರಿಸುವುದೇ ಈ ಲೇಖನದ ಉದ್ದೇಶ.

ಈ ಸೇವೆಯು ಎಂತಹುದೆಂಬುದನ್ನು ಮೊದಲು ಹೇಳುವೆವು. ೨೦೦೫ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಡನೆ ಆಶಾ ಕಾರ್ಯಕರ್ತೆಯರ ಏರ್ಪಾಡು ಬಂದಿತು. ಬಸುರಿ ಬಾಣಂತಿಯರ ಯೋಗಕ್ಷೇಮ, ಮಕ್ಕಳ ಲಸಿಕೆ, ಇವು ಆಗ ಅವರ ಮುಖ್ಯ ಕೆಲಸಗಳಾಗಿದ್ದುವು. ೨೦೧೦ರಲ್ಲಿ ಕೇಂದ್ರ ಸರ್ಕಾರವು ಕ್ಯಾನ್ಸರು, ಮಧುಮೇಹ, ಹೃದ್ರೋಗ, ಪಾರ್ಶ್ವವಾಯು ಇವುಗಳ ತಡೆಗಾಗಿ ರಾಷ್ಟ್ರೀಯ ಕಾರ್ಯಕ್ರಮವೊಂದನ್ನು ಆರಂಭಿಸಿತು. ಕರ್ನಾಟಕ ಸರ್ಕಾರದ 'ಗೃಹ ಆರೋಗ್ಯ' ಯೋಜನೆಯು ೨೦೨೪ರ ಅಕ್ಟೋಬರಿನಲ್ಲಿ ಕೋಲಾರ ಜಿಲ್ಲೆಯಲ್ಲಿ ಮೊದಲಾಗಿ, ೨೦೨೫ರಲ್ಲಿ ಇತರ ಜಿಲ್ಲೆಗಳಿಗೂ ಹಬ್ಬಿತು. ೩೦ ವರ್ಷ ಮೀರಿದವರ ಮನೆಗೇ ಬಂದು ರಕ್ತದ ಒತ್ತಡವನ್ನೂ ಸಕ್ಕರೆಯನ್ನೂ ಅಳೆಯುವುದು. ಬಾಯಿ, ಸ್ತನ, ಗರ್ಭಕಂಠ ಇವುಗಳ ಕ್ಯಾನ್ಸರಿನ ಲಕ್ಷಣವೇನಾದರೂ ಉಂಟೇ ಎಂದು ವಿಚಾರಿಸುವುದು. ಸಂಶಯವಿದ್ದವರನ್ನು ಆಸ್ಪತ್ರೆಗೆ ಕಳುಹಿಸುವುದು. ಊಟ, ಓಡಾಟ, ದುಶ್ಚಟಗಳ ವಿಷಯದಲ್ಲಿ ತಿಳಿವಳಿಕೆ ಹೇಳುವುದು, ಇದು ಅದರ ಕ್ರಮ. ಒಟ್ಟಿನಲ್ಲಿ ೧೪ ಬಗೆಯ ರೋಗಗಳನ್ನು ಈ ಯೋಜನೆಯು ಲೆಕ್ಕಕ್ಕೆ ಹಿಡಿದಿದೆ.

ಇಷ್ಟೊಂದು ಸಂಭ್ರಮವೇಕೆಂದು ಕೇಳುವವರು ಒಂದು ಲೆಕ್ಕವನ್ನು ನೋಡಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಮಧುಮೇಹಿಗಳು ೧೦.೧ ಕೋಟಿ, ಅದರ ಅಂಚಿನಲ್ಲಿರುವವರು ಇನ್ನೂ ೧೩.೬ ಕೋಟಿ. ವಯಸ್ಕರಲ್ಲಿ ನೂರಕ್ಕೆ ೩೫ಕ್ಕೂ ಹೆಚ್ಚು ಮಂದಿಗೆ ರಕ್ತದ ಒತ್ತಡವು ಮಿತಿಮೀರಿದೆ. ಹತ್ತು ಮನೆಗಳ ಬೀದಿಯಲ್ಲಿ ಇಂತಹವರಿಲ್ಲದ ಮನೆಗಳು ಎಷ್ಟಿರಬಹುದೆಂದು ವಾಚಕರೇ ಊಹಿಸಿಕೊಳ್ಳಲಿ.

ಇನ್ನು ಕಾರಣಗಳಿಗೆ ಬರುವೆವು. ಮೊದಲನೆಯದು, ನೋವಿಲ್ಲದ ರೋಗವನ್ನು ರೋಗವೆಂದು ನಂಬುವುದು ಮನುಷ್ಯನಿಗೆ ಕಷ್ಟ. ನಮ್ಮ ನೆರೆಮನೆಯ ಜಗಲಿಯ ಮೇಲೆ ನಡೆದ ಸಂಭಾಷಣೆಯನ್ನು ಕೇಳಿರಿ.

"ಅಜ್ಜ, ಕೈ ಕೊಡಿ, ಬಿ.ಪಿ. ನೋಡ್ತೀನಿ."

"ನಂಗೇನಾಗದೆ ಕಣವ್ವ? ಕಲ್ಲಿನಂಗಿವ್ನಿ. ಎರಡು ಮುದ್ದೆ ಉಣ್ತೀನಿ, ಗದ್ದೆಗೆ ನಡ್ಕೊಂಡೇ ಹೋಯ್ತೀನಿ. ಕಾಯ್ಲೆ ಇಲ್ದೋನಿಗೆ ಯಾಕವ್ವ ಪಟ್ಟಿ ಕಟ್ತೀಯ?"

ಅಜ್ಜನ ತರ್ಕದಲ್ಲಿ ದೋಷವಿಲ್ಲ. ಅವನು ಬಾಳಿನಲ್ಲಿ ಕಂಡ ರೋಗಗಳೆಲ್ಲವೂ ನೋವನ್ನೋ ಜ್ವರವನ್ನೋ ಮುಂದಿಟ್ಟುಕೊಂಡು ಬಂದುವು. ರಕ್ತದ ಒತ್ತಡವು ಹಾಗೆ ಬರತಕ್ಕದ್ದಲ್ಲ. ಮೇಲಿನ ಅಂಕಿ ೧೪೦ನ್ನೋ ಕೆಳಗಿನ ಅಂಕಿ ೯೦ನ್ನೋ ಮುಟ್ಟಿ ಅಲ್ಲಿಯೇ ನಿಂತರೆ ಅದನ್ನು ರೋಗವೆಂದು ವೈದ್ಯರು ಎಣಿಸುವರು; ಆದರೆ ಮಿದುಳು, ಹೃದಯ, ಮೂತ್ರಪಿಂಡ, ಕಣ್ಣು ಇವುಗಳ ಸೂಕ್ಷ್ಮನಾಳಗಳು ವರ್ಷಗಟ್ಟಲೆ ಸವೆಯುತ್ತಿದ್ದರೂ ದೇಹವು ದೂರು ಹೇಳುವುದಿಲ್ಲ. ಸಕ್ಕರೆಯೂ ಹಾಗೆಯೇ. ಬರಿಹೊಟ್ಟೆಯಲ್ಲಿ ೧೦೦ರ ಒಳಗಿರಬೇಕಾದುದು ೧೨೬ನ್ನು ದಾಟಿ ಎಷ್ಟೋ ಕಾಲವಾದ ಮೇಲೆ ಬಾಯಾರಿಕೆ, ಪದೇಪದೇ ಮೂತ್ರ, ಮಾಯದ ಗಾಯ ಮುಂತಾದುವು ತಲೆದೋರುವುವು.

ಆ ಆಶಾ ಕಾರ್ಯಕರ್ತೆಯು ರೈತರ ಮನೆಯ ಮಗಳು. ಅವಳು ಅಂಕಿಗಳನ್ನು ಹೇಳಲಿಲ್ಲ. "ನಾಲೆಗೆ ನೀರು ಬಿಡೋಕ್ ಮುಂಚೆ ನೀವು ಬದುವಿನ ಮೇಲೆ ನಡೆದು ಏಡಿಬಿಲ ನೋಡ್ತೀರಲ್ಲಜ್ಜ, ಬದು ಒಡೆದಿರ್ತದಾ ಆಗ?" ಎಂದಳು. ಅಜ್ಜನು ಸ್ವಲ್ಪ ಹೊತ್ತು ಸುಮ್ಮನಿದ್ದು ತೋಳನ್ನು ಚಾಚಿದನು. ತನ್ನ ಗದ್ದೆಯಲ್ಲಿ ದಿನವೂ ಆಚರಿಸುವ ವಿವೇಕವನ್ನೇ ತನ್ನ ದೇಹದ ವಿಷಯದಲ್ಲಿ ಆಚರಿಸಬೇಕೆಂಬುದು ಅವನಿಗೆ ಹೊಳೆಯಬೇಕಾಗಿದ್ದಿತು, ಅಷ್ಟೆ.

ಎರಡನೆಯ ಕಾರಣವು ಕೂಲಿ ಮತ್ತು ದಾರಿ. ಭತ್ತದ ನಾಟಿಯ ದಿನಗಳಲ್ಲಿ ನಮ್ಮ ಕಡೆಯ ಹೆಂಗಸರು ಬೆಳಕು ಹರಿಯುವ ಮೊದಲೇ ಗದ್ದೆಯಲ್ಲಿರುವರು. ಮನೆಗೆ ಬಂದವಳಿಗೆ ಸಿಕ್ಕುವವರು ಮುದುಕರು, ಮಕ್ಕಳು. ತಪಾಸಣೆಗಾಗಿ ಅರ್ಧ ದಿನ ನಿಂತರೆ ಅರ್ಧ ದಿನದ ಕೂಲಿ ಹೋಯಿತು. ಇಲ್ಲಿಗೇ ಮುಗಿಯಿತೆ? ಸಂಶಯವೇನಾದರೂ ಕಂಡರೆ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು. ಅಲ್ಲಿಂದ ಮೈಸೂರಿಗೆಂದರೆ ಸುಮಾರು ೪೦ ಕಿಲೋಮೀಟರು. ಮಾತ್ರೆಗೆ ಕಾಸಿಲ್ಲ, ನಿಜ. ಬಸ್ಸಿನ ಚಾರ್ಜಿಗೂ, ಜೊತೆಗೆ ಬರುವವರ ಕೂಲಿಗೂ, ಅಷ್ಟು ಹೊತ್ತು ಹಸುವಿಗೆ ಹುಲ್ಲು ಹಾಕುವವರಿಗೂ ಯಾರು ಕೊಡುವರು? "ತಿಳ್ಕೊಂಡು ಏನು ಮಾಡಾದು ಮೇಷ್ಟ್ರೆ?" ಎಂದು ಗೃಹಿಣಿಯೊಬ್ಬಳು ನಮ್ಮನ್ನೇ ಕೇಳಿದ್ದುಂಟು. ಪರಿಹಾರಕ್ಕೆ ದಾರಿಯಿಲ್ಲದವನಿಗೆ ರೋಗದ ಸುದ್ದಿಯು ಬರಿಯ ಭಾರ. ಇಂತಹ ನಿರಾಕರಣೆಯನ್ನು ಅಜ್ಞಾನವೆನ್ನುವುದು ಅನ್ಯಾಯ. ಅದು ಬಡವರ ಮನೆಯ ಲೆಕ್ಕ.

ಮೂರನೆಯದು ಭಯ ಮತ್ತು ಸಂಕೋಚ. ಗರ್ಭಕಂಠದ ತಪಾಸಣೆಯ ಮಾತನ್ನು ಅತ್ತೆಯ ಎದುರಿನಲ್ಲಿ, ನಡುಮನೆಯಲ್ಲಿ ಎತ್ತಿದರೆ ಸೊಸೆಯು ತಲೆಯಾಡಿಸಿ ಒಳಕ್ಕೆ ಹೋಗದೆ ಇನ್ನೇನು ಮಾಡಿಯಾಳು? ಹೆಣ್ಣುಮಕ್ಕಳು ತಮ್ಮ ದೇಹದ ಕಷ್ಟವನ್ನು ಮನೆಯವರ ಕಷ್ಟಗಳೆಲ್ಲ ಮುಗಿದ ಮೇಲೆ ಹೇಳುವುದನ್ನು ರೂಢಿ ಮಾಡಿಕೊಂಡಿರುವರು.

ಈ ಭಯದ ಇನ್ನೊಂದು ಮುಖವನ್ನು ಹೆಗ್ಗಡದೇವನಕೋಟೆ, ಹುಣಸೂರುಗಳ ಕಾಡಂಚಿನ ಹಾಡಿಗಳಲ್ಲಿ ನೋಡಬೇಕು. ಅಲ್ಲಿ ಜೇನುಕುರುಬ, ಕಾಡುಕುರುಬ ಮೊದಲಾದ ಸಮುದಾಯಗಳಿರುವುವು. ಕುಡುಗೋಲು ಕಣ ರೋಗವೆಂಬ ವಂಶಪಾರಂಪರ್ಯ ರೋಗವು ನಮ್ಮ ದೇಶದ ಬುಡಕಟ್ಟಿನವರಲ್ಲಿ ಹೆಚ್ಚಾಗಿ ಕಂಡುಬಂದಿರುವುದರಿಂದ, ೨೦೨೩ರ ಜುಲೈ ೧ರಂದು ಅದರ ನಿರ್ಮೂಲನಕ್ಕೆ ರಾಷ್ಟ್ರೀಯ ಅಭಿಯಾನವೊಂದು ಮೊದಲಾಯಿತು. ೪೦ ವರ್ಷದೊಳಗಿನ ೭ ಕೋಟಿ ಜನರ ರಕ್ತವನ್ನು ಪರೀಕ್ಷಿಸುವುದು ಅದರ ಗುರಿ. ಈ ರೋಗದಲ್ಲಿ ರಕ್ತದ ಕೆಂಪುಕಣಗಳು ದುಂಡಗಿರುವುದನ್ನು ಬಿಟ್ಟು ಕುಡುಗೋಲಿನಂತೆ ಬಾಗುವುವು. ದೋಷವನ್ನು ಒಂದು ಪಾಲು ಮಾತ್ರ ಪಡೆದವನು ವಾಹಕನೆನಿಸುವನು. ಅವನು ಆರೋಗ್ಯವಾಗಿಯೇ ಇರುವನು. ವಾಹಕರಿಬ್ಬರು ದಂಪತಿಗಳಾದರೆ ಹುಟ್ಟುವ ಪ್ರತಿಯೊಂದು ಮಗುವಿಗೂ ರೋಗ ಬರುವ ಸಂಭವವು ನಾಲ್ಕರಲ್ಲಿ ಒಂದು. ಈ ತಿಳಿವಳಿಕೆ ಮದುವೆಗೆ ಮುಂಚೆ ಬೇಕಾದುದು. ಆದರೆ ಮದುವೆಗೆ ಮುಂಚೆ ಅದನ್ನು ತಿಳಿಯಲು ಹೆತ್ತವರು ಹೆದರುವುದೂ ಅದೇ ಕಾರಣಕ್ಕೆ. "ರಕ್ತದಲ್ಲಿ ದೋಷವಂತೆ" ಎಂಬ ಮಾತು ಹಾಡಿಯಲ್ಲಿ ಹರಡಿದರೆ ಹುಡುಗಿಗೆ ಗಂಡು ಸಿಕ್ಕುವುದೆ? ವಾಹಕನು ರೋಗಿಯಲ್ಲವೆಂಬುದನ್ನೂ, ಕಾಗದದಲ್ಲಿ ಬರೆದುದು ಮನೆಯವರ ಹೊರತು ಇತರರ ಕಿವಿಗೆ ಬೀಳದೆಂಬುದನ್ನೂ ಮೊದಲೇ ಮನಗಾಣಿಸದೆ ರಕ್ತವನ್ನು ಕೇಳುವುದು ಸಲ್ಲದು.

ನಾಲ್ಕನೆಯದು, ಉಪದೇಶವು ಕೇಳುವವನ ಬದುಕಿಗೆ ಹೊಂದದಿರುವುದು. ಹುಣಸೂರು, ಪಿರಿಯಾಪಟ್ಟಣಗಳ ಹೊಲಗಳಲ್ಲಿ ಬೆಳೆಯುವುದು ವರ್ಜೀನಿಯಾ ಹೊಗೆಸೊಪ್ಪು. ಬ್ಯಾರನ್ನಿನಲ್ಲಿ ಎಲೆಯನ್ನು ಹದಮಾಡಿ ಹರಾಜು ಮಾರುಕಟ್ಟೆಗೆ ಸಾಗಿಸಿದ ಹಣದಿಂದಲೇ ಅಲ್ಲಿ ಎಷ್ಟೋ ಮಕ್ಕಳ ಓದು, ಮದುವೆಗಳು ನಡೆಯುವುವು. ಅಂತಹ ಮನೆಯ ಜಗಲಿಯಲ್ಲಿ ನಿಂತು "ತಂಬಾಕು ವಿಷ" ಎಂದಷ್ಟೇ ಹೇಳಿದರೆ, ಬೈದಂತೆ ಕೇಳಿಸದೆ ಇದ್ದೀತೆ? ಒದ್ದೆಯಾದ ಹಸಿ ಎಲೆಯನ್ನು ಕೀಳುವಾಗ ಅದರ ನಿಕೋಟಿನ್ ಚರ್ಮದ ಮೂಲಕ ಒಳಸೇರಿ ತಲೆಸುತ್ತು, ವಾಂತಿ ಬರುವುದುಂಟು; ಇಬ್ಬನಿ ಆರಿದ ಮೇಲೆ ಕೀಳಿರಿ, ಕೈಗೂ ಮೈಗೂ ಹೊದಿಕೆಯಿರಲಿ ಎಂದು ಮೊದಲು ಹೇಳಿದರೆ, ಇವಳಿಗೆ ನಮ್ಮ ಕಷ್ಟ ಗೊತ್ತು ಎಂದು ಮನೆಯವರು ಕೂರಿಸಿಕೊಳ್ಳುವರು. ಬೀಡಿಯನ್ನು ಬಿಡಿಸುವ ಮಾತು ಅದರ ಹಿಂದೆ ಬರಬಹುದು.

ಅಡಿಗೆಯ ಮನೆಯ ಮಾತೂ ಹೀಗೆಯೇ. ಭತ್ತದ ಸೀಮೆಯಲ್ಲಿ "ಅನ್ನ ಬಿಡಿ" ಎನ್ನುವುದು ಆಗದ ಮಾತು. ಪೇಟೆಯ ಡಬ್ಬದ ಆಹಾರಗಳ ಪಟ್ಟಿಯನ್ನು ಓದಿ ಹೇಳುವುದೂ ವ್ಯರ್ಥ. ತಟ್ಟೆಯಲ್ಲಿ ಅನ್ನವನ್ನೋ ಮುದ್ದೆಯನ್ನೋ ಒಂದಿಷ್ಟು ತಗ್ಗಿಸಿ, ಮಸ್ಸೊಪ್ಪನ್ನೂ ಕಾಳಿನ ಬಸ್ಸಾರನ್ನೂ ಹೆಚ್ಚಿಸಿರಿ ಎಂದರೆ ಅದು ನಮ್ಮ ಒಲೆಯ ಮಾತು. ಒಬ್ಬರಿಗೆ ದಿನಕ್ಕೆ ೫ ಗ್ರಾಮಿಗಿಂತ ಕಡಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುವುದು; ಅದು ಚಿಕ್ಕ ಚಮಚದಲ್ಲಿ ತಲೆಮಟ್ಟಕ್ಕೂ ಕೊಂಚ ಕಡಮೆಯೇ. ಉಪ್ಪಿನಕಾಯಿ, ಹಪ್ಪಳ, ಉಪ್ಪುಮೆಣಸಿನಕಾಯಿ ಇವೆಲ್ಲವೂ ಆ ಚಮಚದೊಳಗೇ ಸೇರಿದುವೆಂದು ಗೃಹಿಣಿಯರು ನೆನಪಿಡತಕ್ಕದ್ದು.

ಐದನೆಯ ಕಾರಣವು ಹಳೆಯ ನೆನಪು. ೧೮೯೮ರಲ್ಲಿ ಬೆಂಗಳೂರಿಗೂ ಆಮೇಲೆ ಮೈಸೂರಿಗೂ ಪ್ಲೇಗು ಬಂದಾಗ, ಮನೆಗಳನ್ನು ತಪಾಸಣೆ ಮಾಡಿ, ಸೋಂಕಿದವರನ್ನು ಬಂಧುಗಳಿಂದ ಬೇರ್ಪಡಿಸಿ, ಉಳಿದವರನ್ನು ಊರ ಹೊರಗಿನ ಶೆಡ್ಡುಗಳಿಗೆ ಕಳುಹಿಸಿದರು. ಉದ್ದೇಶವು ಒಳ್ಳೆಯದೇ, ಆದರೆ ಹೆದರಿದ ಜನರು ರೋಗಿಗಳನ್ನು ಬಚ್ಚಿಟ್ಟರು, ಊರು ಬಿಟ್ಟು ಓಡಿದರು, ಓಡಿದಲ್ಲಿಗೆ ರೋಗವೂ ಹೋಯಿತು. ೧೯೭೬ರ ತುರ್ತುಪರಿಸ್ಥಿತಿಯ ಕಾಲದಲ್ಲಿ ಸಂತಾನನಿಯಂತ್ರಣದ ಶಸ್ತ್ರಚಿಕಿತ್ಸೆಗೆ ಜನರನ್ನು ಒತ್ತಾಯಿಸಿದುದರ ನೆನಪು ದೇಶದ ಮುದುಕರಲ್ಲಿ ಇನ್ನೂ ಇದೆ. ಹೆಸರು ಬರೆದುಕೊಳ್ಳುವ ಪುಸ್ತಕವನ್ನು ಕಂಡೊಡನೆ ಕೆಲವರು ಹಿಂಜರಿಯುವುದು ಈ ಪರಂಪರೆಯಿಂದಲೇ.

ಇದಕ್ಕೆ ಪ್ರತಿಯಾದ ನೆನಪೂ ನಮ್ಮ ಮೈಸೂರಿನಲ್ಲಿಯೇ ಉಂಟು. ಸಿಡುಬಿಗೆ ಲಸಿಕೆಯು ಹೊಸತಾಗಿ ಬಂದು ಜನರು ಶಂಕಿಸುತ್ತಿದ್ದ ಕಾಲದಲ್ಲಿ, ೧೮೦೬ರ ಸುಮಾರಿನಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರು ಅದನ್ನು ಹಾಕಿಸಿಕೊಂಡರೆಂದೂ, ಅದನ್ನು ಕಂಡು ಇತರರು ಮುಂದೆ ಬಂದರೆಂದೂ ಚರಿತ್ರಕಾರರು ಬರೆದಿರುವರು. ಪ್ಲೇಗಿನ ಕಾಲದಲ್ಲಿ ಅಪ್ಪಣೆಯು ಜನರ ಮೇಲೆ ಬಿದ್ದಿತು. ಸಿಡುಬಿನ ಕಾಲದಲ್ಲಿ ಅರಮನೆಯೇ ಮೊದಲು ತೋಳನ್ನು ಒಡ್ಡಿತು. ಫಲದಲ್ಲಿ ಭೇದವಾದುದು ಆಶ್ಚರ್ಯವಲ್ಲ.

ಆರನೆಯದಾಗಿ, ಸಂಶಯಪಡುವವರೆಲ್ಲರೂ ತಪ್ಪಲ್ಲವೆಂದೂ ನಾವು ಹೇಳಬೇಕು. ಇಂದು ಪಟ್ಟಣಗಳಲ್ಲಿ ನೂರು ಪರೀಕ್ಷೆಗಳನ್ನು ಒಂದೇ ಗಂಟು ಕಟ್ಟಿ ಮಾರುವ ವ್ಯಾಪಾರವು ಬೆಳೆದಿದೆ. ಆರೋಗ್ಯವಂತರಿಗೆ ಮಾಡುವ ಸಾಮಾನ್ಯ ತಪಾಸಣೆಗಳ ವಿಷಯವಾಗಿ ಪಾಶ್ಚಾತ್ಯ ದೇಶಗಳಲ್ಲಿ ಸುಮಾರು ಎರಡೂವರೆ ಲಕ್ಷ ಜನರ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ ೨೦೧೯ರಲ್ಲಿ ವಿದ್ವಾಂಸರು ಪರಿಶೀಲಿಸಿದಾಗ, ಅವುಗಳಿಂದ ಸಾವಿನ ಸಂಖ್ಯೆಯು ತಗ್ಗಿದುದು ಕಂಡುಬರಲಿಲ್ಲ. ಎಲ್ಲವನ್ನೂ ಅಳೆಯುವುದು ಬೇರೆ, ಅಳೆಯಬೇಕಾದುದನ್ನು ಅಳೆದು ಅದಕ್ಕೆ ತಕ್ಕ ಮದ್ದನ್ನು ಬಿಡದೆ ಕೊಡುವುದು ಬೇರೆ. ರಕ್ತದ ಒತ್ತಡವನ್ನು ಹತೋಟಿಯಲ್ಲಿಟ್ಟರೆ ಪಾರ್ಶ್ವವಾಯುವೂ ಹೃದಯಾಘಾತವೂ ತಗ್ಗುವುವೆಂಬುದು ಸ್ಥಿರಪಟ್ಟ ವಿಷಯ. ವ್ಯಾಪಾರದ ಗಂಟನ್ನು ಬೇಡವೆನ್ನುವವನು ವಿವೇಕಿಯೇ ಇರಬಹುದು. ಆದರೆ ಅದೇ ಉಸಿರಿನಲ್ಲಿ ಬಾಗಿಲಿಗೆ ಬಂದ ಪಟ್ಟಿಯನ್ನೂ ಬೇಡವೆನ್ನಬಾರದು.

ಆಯುರ್ವೇದದಲ್ಲಿ ಪ್ರಜ್ಞಾಪರಾಧವೆಂಬ ಮಾತೊಂದಿದೆ. ಧೀ, ಧೃತಿ, ಸ್ಮೃತಿ, ಎಂದರೆ ತಿಳಿವು, ಮನಸ್ಸಿನ ಬಿಗಿ, ನೆನಪು, ಇವು ಕೆಟ್ಟಾಗ ಮನುಷ್ಯನು ತನಗೆ ಅಹಿತವಾದುದನ್ನು ತಾನೇ ಮಾಡುವನೆಂದು ಅದರ ತಾತ್ಪರ್ಯ. ಈ ಮಾತು ಗಂಭೀರವಾದುದು. ಆದರೆ ಇದನ್ನು ಬಡವರ ಮೇಲೆ ಎಸೆಯುವ ಕಲ್ಲಾಗಿ ಮಾಡಬಾರದು. ಮೇಲೆ ಹೇಳಿದ ಕಾರಣಗಳಲ್ಲಿ ಅಜ್ಜನದು ತಿಳಿವಿನ ಕೊರತೆ. ಅದನ್ನು ಒಂದು ಉಪಮಾನವು ತುಂಬಿತು. ಕೂಲಿಯ ಹೆಂಗಸಿನಲ್ಲಿಯೂ, ಹಾಡಿಯ ತಂದೆಯಲ್ಲಿಯೂ ಪ್ರಜ್ಞೆಯ ಅಪರಾಧವೇನಿದೆ? ಅವರ 'ಒಲ್ಲೆ' ಎಂಬುದು ನಾವು ಕೇಳದೆ ಬಿಟ್ಟ ಪ್ರಶ್ನೆಯೊಂದಕ್ಕೆ ಉತ್ತರವಾಗಿದೆ. ಆ ಪ್ರಶ್ನೆ, "ನಿಮಗೆ ಇದರಲ್ಲಿ ಕಷ್ಟವೇನು?" ಎಂಬುದು.

ಈ ಪ್ರಶ್ನೆಯನ್ನು ಕೇಳಿದಲ್ಲೆಲ್ಲ ಫಲ ದೊರೆತಿದೆ. ಫಿನ್ಲೆಂಡ್ ದೇಶದ ಉತ್ತರ ಕರೇಲಿಯ ಪ್ರಾಂತದಲ್ಲಿ ಗಂಡಸರು ಹೃದ್ರೋಗದಿಂದ ಅಕಾಲದಲ್ಲಿ ಸಾಯುತ್ತಿದ್ದರು. ೧೯೭೨ರಲ್ಲಿ ಅಲ್ಲಿ ಕೆಲಸ ಆರಂಭಿಸಿದ ವೈದ್ಯರು ಬರಿಯ ಉಪನ್ಯಾಸಗಳನ್ನು ಮಾಡದೆ ಹಳ್ಳಿಯ ಗೃಹಿಣಿಯರ ಸಂಘವನ್ನು ಜೊತೆಗೂಡಿಸಿಕೊಂಡರು. ಊರಿನ ಅಡಿಗೆಯನ್ನೇ ಬೆಣ್ಣೆ ಉಪ್ಪುಗಳನ್ನು ತಗ್ಗಿಸಿ ಮಾಡುವ ಬಗೆಯನ್ನು ಹೆಂಗಸರು ಹೆಂಗಸರಿಗೆ ಕಲಿಸಿದರು. ಸುಮಾರು ನಾಲ್ಕು ದಶಕಗಳಲ್ಲಿ ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದ್ರೋಗದ ಮರಣಗಳು ನೂರಕ್ಕೆ ಎಂಬತ್ತಕ್ಕೂ ಮೀರಿ ತಗ್ಗಿದುವು. ನಮ್ಮಲ್ಲಿಯೇ ೧೯೮೪ರಲ್ಲಿ ಮೈಸೂರಿನ ವೈದ್ಯವಿದ್ಯಾರ್ಥಿಗಳು ಸ್ಥಾಪಿಸಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆಯು ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ನೆಲೆನಿಂತು, ಕೆಂಚನಹಳ್ಳಿಯಲ್ಲಿಯೂ ಸರಗೂರಿನಲ್ಲಿಯೂ ಆಸ್ಪತ್ರೆಗಳನ್ನು ನಡೆಸಿತು. ಬಂದು ಹೋಗುವವನ ಮಾತಿಗಿಂತ ಇದ್ದು ಬಾಳುವವನ ಮಾತಿಗೆ ತೂಕ ಹೆಚ್ಚು.

ಹಾಗಾದರೆ ಒಲ್ಲೆನೆನ್ನುವ ಅಧಿಕಾರವು ಗೃಹಸ್ಥನಿಗೆ ಇಲ್ಲವೆ? ಖಂಡಿತ ಇದೆ. ದೇಹವು ಅವನದು. ಆದರೆ ಫಲವು ಅವನೊಬ್ಬನದಲ್ಲ. ನಮ್ಮ ಬಡಾವಣೆಯಲ್ಲಿ ಐವತ್ತೆರಡು ವರ್ಷದ ಮರಗೆಲಸದವನೊಬ್ಬನಿದ್ದನು. ಒತ್ತಡವು ಹೆಚ್ಚಾಗಿದೆಯೆಂದು ತಿಳಿದ ಮೇಲೆಯೂ, "ಮಾತ್ರೆ ಶುರು ಮಾಡಿದ್ರೆ ಸಾಯೋಗಂಟ ನುಂಗಬೇಕಂತೆ" ಎಂದು ಎರಡು ಬಾರಿ ಬಂದ ಚೀಟಿಯನ್ನು ತೊಲೆಯ ಸಂದಿನಲ್ಲಿ ಸಿಕ್ಕಿಸಿಟ್ಟನು. ಒಂದು ಬೆಳಗ್ಗೆ ಉಳಿಯು ಕೈಯಿಂದ ಜಾರಿತು, ಮಾತು ತೊದಲಿತು. ಮಿದುಳಿನಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಮಲಗಿದರೆ ಸರಿಹೋದೀತೆಂದು ಮನೆಯವರು ಮಧ್ಯಾಹ್ನದವರೆಗೆ ಕಾದರು. ಅವನು ಬದುಕಿದನು, ಬಲಗೈ ಬರಲಿಲ್ಲ. ಈಗ ಅವನನ್ನು ಎತ್ತಿ ಕೂರಿಸುವವಳು ಹೆಂಡತಿ. ಅವಳು ಕೂಲಿಗೆ ಹೋದ ದಿನ ಮನೆಯಲ್ಲಿ ನಿಲ್ಲುವವಳು ಕಾಲೇಜು ಬಿಟ್ಟ ಮಗಳು. ಚೀಟಿಯನ್ನು ಒಲ್ಲೆನೆಂದವನು ಒಬ್ಬ, ತೆತ್ತವರು ಮೂವರು.

ಆದುದರಿಂದ ನಮ್ಮ ವಾಚಕರಾದ ಗೃಹಸ್ಥರಲ್ಲಿ ನಾವು ಕೇಳಿಕೊಳ್ಳುವುದು ಇಷ್ಟೆ. ಮೂವತ್ತು ದಾಟಿದ ಪ್ರತಿಯೊಬ್ಬರ ರಕ್ತದ ಒತ್ತಡ, ಸಕ್ಕರೆ ಇವುಗಳ ಅಂಕಿಗಳನ್ನು ತಾರೀಖಿನೊಡನೆ ಮನೆಯ ಪಂಚಾಂಗದ ಹಾಳೆಯಲ್ಲಿಯೋ ಗೋಡೆಯ ಕ್ಯಾಲೆಂಡರಿನಲ್ಲಿಯೋ ಬರೆದಿಡಿರಿ. ಮೊದಲು ಮನೆಯ ಹೆಂಗಸರದನ್ನು ಬರೆಯಿರಿ, ಅವರು ತಾವಾಗಿ ಹೇಳುವವರಲ್ಲ. ಒಂದು ಸಲ ಹೆಚ್ಚು ಬಂದಿತೆಂದು ಗಾಬರಿಯಾಗದೆ ಮತ್ತೊಂದು ದಿನ ಅಳೆಸಿರಿ. ಮಾತ್ರೆ ಬೇಕೆಂದರೆ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿರಿ. ಮುಖವು ಸೊಟ್ಟಗಾಗುವುದು, ಕೈ ಸೋಲುವುದು, ಮಾತು ತೊದಲುವುದು, ಈ ಮೂರರಲ್ಲಿ ಒಂದು ಕಂಡರೂ ಹೊತ್ತು ಕಳೆಯದೆ ೧೦೮ಕ್ಕೆ ಕರೆ ಮಾಡಿರಿ. ಒಲ್ಲೆನೆನ್ನುವುದಾದರೆ ಕಾರಣವನ್ನು ಬಾಯಿಬಿಟ್ಟು ಹೇಳಿರಿ; ಕೂಲಿಯ ದಿನವಾದರೆ ಸಂಜೆ ಬರಲೆಂದು, ಸಂಕೋಚವಾದರೆ ಒಳಗೆ ಕುಳಿತು ಮಾತನಾಡೋಣವೆಂದು ಹೇಳಿರಿ. ಬಿಸಿಲಿನಲ್ಲಿ ಮನೆಯಿಂದ ಮನೆಗೆ ನಡೆದು ಬಂದ ಹೆಣ್ಣುಮಗಳು ನಿಮ್ಮ ಜಗಲಿಯನ್ನು ಹತ್ತಿದಾಗ, ಒಂದು ಲೋಟ ನೀರು ಕೊಟ್ಟು ಕೂರಿಸಿರಿ. ಅವಳ ಪಟ್ಟಿಗೆ ತೋಳು ಕೊಡಲು ಹಿಡಿಯುವುದು ಐದು ನಿಮಿಷ ಮಾತ್ರ.